ಒಂದು ಮನೆ, ಒಂದು ಖಾತೆ: ಎಷ್ಟು ಸೆಟ್‌ಟಾಪ್ ಬಾಕ್ಸ್ ಹಾಕಿಸಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಇನ್ನೊಂದು ಟಿವಿ ಬಂತು. ಡಿಶ್ ಇದೆ, ಖಾತೆ ಇದೆ, ಚಂದಾ ಕಟ್ಟುತ್ತಿದ್ದೀರಿ. ಇನ್ನೊಂದು ಬಾಕ್ಸ್ ಬೇಕು ಅಂತ ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ಖಾತೆಗೆ ಇನ್ನು ಬಾಕ್ಸ್ ಸೇರಿಸಲು ಬರುವುದಿಲ್ಲ’ ಎನ್ನುತ್ತಾರೆ. ಏಕೆ ಎಂದು ಕೇಳಿದರೆ ‘ನಿಯಮ ಹಾಗಿದೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ನಿಯಮದ ಹಿಂದೆ ಏನಿದೆ, ಅದರಲ್ಲಿ ನಿಮಗೆ ಎಷ್ಟು ಜಾಗ ಇದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಒಂದು ಖಾತೆಗೆ ಗರಿಷ್ಠ ಎಷ್ಟು ಬಾಕ್ಸ್?

ಎಲ್ಲ ಕಂಪನಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಪ್ರತಿಯೊಂದು ಕಂಪನಿಯೂ ತನ್ನ ಒಪ್ಪಂದದಲ್ಲಿ ತನ್ನದೇ ಮಿತಿ ಬರೆದುಕೊಂಡಿರುತ್ತದೆ. ಒಂದೇ ಕಂಪನಿಯಲ್ಲೂ ಹಳೆಯ ಯೋಜನೆಗೆ ಒಂದು ಲೆಕ್ಕ, ಹೊಸದಕ್ಕೆ ಇನ್ನೊಂದು ಲೆಕ್ಕ ಇರಬಹುದು. ಹಾಗಾಗಿ ಬೇರೆಯವರ ಮನೆಯಲ್ಲಿ ಎಷ್ಟಿದೆ ಎಂದು ನೋಡಿ ಪ್ರಯೋಜನವಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ‘ಮಿತಿ’ ಎಂದು ನಾವು ಕರೆಯುವುದು ಮೂರು ಬೇರೆ ಬೇರೆ ಕಡೆಯಿಂದ ಬರುತ್ತದೆ. ಒಂದು, ಕಂಪನಿಯ ಒಪ್ಪಂದ. ಎರಡು, ನಿಮ್ಮ ಡಿಶ್‌ನಿಂದ ಇಳಿದಿರುವ ಕೇಬಲ್ ಮತ್ತು ಅದರ ಜೋಡಣೆ. ಮೂರು, ಮುಖ್ಯ ಬಾಕ್ಸ್ ಒಂದರ ಕೆಳಗೆ ಚಿಕ್ಕ ಬಾಕ್ಸ್‌ಗಳು ಕೆಲಸ ಮಾಡುವ ಪದ್ಧತಿಯಾದರೆ ಆ ಮುಖ್ಯ ಬಾಕ್ಸ್‌ನ ತಾಕತ್ತು. ಒಪ್ಪಂದದ ಅಡ್ಡಿಯನ್ನು ಟೆಕ್ನಿಷಿಯನ್ ಬಿಡಿಸಲಾರ. ಕೇಬಲ್‌ನ ಅಡ್ಡಿಯನ್ನು ಫೋನ್‌ನಲ್ಲಿ ಮಾತಾಡುವವರು ಬಿಡಿಸಲಾರರು. ನಿಮ್ಮನ್ನು ತಡೆದಿರುವುದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಅರ್ಧ ಓಡಾಟ ಉಳಿಯುತ್ತದೆ.

ಪ್ರತಿ ಬಾಕ್ಸ್‌ಗೂ ದುಡ್ಡು ಕೊಡುತ್ತೇನೆ. ಆಮೇಲೂ ಮಿತಿ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದೇ, ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರ ಸಿಗಬೇಕಾದರೆ ಉಪಗ್ರಹ ಟಿವಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಉಪಗ್ರಹ ಇರುವುದು ಭೂಮಧ್ಯ ರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ಒಂದು ದೇಶದ ಮೇಲೆ, ಕೆಲವೊಮ್ಮೆ ಒಂದು ಖಂಡದ ಮೇಲೆ ಒಟ್ಟಿಗೇ ಬೀಳುತ್ತದೆ. ದುಡ್ಡು ಕೊಟ್ಟವರ ಮನೆಗೂ ಬೀಳುತ್ತದೆ, ಕೊಡದವರ ಮನೆಗೂ ಬೀಳುತ್ತದೆ. ಹಾಗಾಗಿ ಚಾನೆಲ್‌ಗಳನ್ನು ಗುಪ್ತ ಲಿಪಿಯಲ್ಲಿ ಕಳಿಸುತ್ತಾರೆ. ಅದನ್ನು ಬಿಡಿಸುವ ಕೀಲಿ ಸಾಮಾನ್ಯವಾಗಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬದಲಾಗುತ್ತಲೇ ಇರುತ್ತದೆ. ಆ ಕೀಲಿ ಕೂಡ ಗುಪ್ತ ರೂಪದಲ್ಲಿ ಚಾನೆಲ್ ಜೊತೆಗೇ ಬರುತ್ತದೆ. ಅದನ್ನು ತೆರೆಯುವ ಅಧಿಕಾರ ನಿಮ್ಮ ಬಾಕ್ಸ್‌ನ ಕಾರ್ಡ್‌ಗೆ (ಬಾಕ್ಸ್‌ನೊಳಗೆ ತೂರಿಸುವ, ಚಿಪ್ ಇರುವ ಚಂದಾ ಕಾರ್ಡ್) ಇದೆಯೋ ಇಲ್ಲವೋ ಎಂಬುದನ್ನು ಹೇಳುವ ಇನ್ನೊಂದು ಸಂದೇಶವೂ ಅದೇ ಉಪಗ್ರಹದಿಂದ ಬರುತ್ತದೆ. ಕಾರ್ಡ್ ನಂಬರ್ ಹಿಡಿದು ಕಳಿಸುವ ಸಂದೇಶ ಅದು: ಈ ಕಾರ್ಡ್‌ಗೆ ಈ ಈ ಚಾನೆಲ್ ತೆರೆ, ಆ ಕಾರ್ಡ್‌ಗೆ ಮುಚ್ಚು.

ಇಷ್ಟೂ ಒಂದೇ ದಿಕ್ಕಿನ ದಾರಿ. ಮೇಲಿಂದ ಕೆಳಗೆ ಬರುತ್ತದೆ, ಕೆಳಗಿಂದ ಮೇಲೆ ಏನೂ ಹೋಗುವುದಿಲ್ಲ. ಮನೆಯ ಡಿಶ್ ಉಪಗ್ರಹಕ್ಕೆ ಮರಳಿ ಒಂದು ಮಾತೂ ಹೇಳುವುದಿಲ್ಲ. ಯಾವ ಕಾರ್ಡ್‌ಗಳಿಗೆ ಅಧಿಕಾರ ಕೊಟ್ಟಿದ್ದೇನೆ ಎಂಬುದು ಕಂಪನಿಗೆ ಗೊತ್ತು. ಆ ಕಾರ್ಡ್ ಈಗ ಯಾವ ಮನೆಯಲ್ಲಿದೆ, ಯಾವ ಊರಿನಲ್ಲಿದೆ ಎಂಬುದು ಉಪಗ್ರಹದ ದಾರಿಯಿಂದ ಗೊತ್ತಾಗುವುದೇ ಇಲ್ಲ.

ಇದರ ಜೊತೆಗೆ ದುಡ್ಡಿನ ಲೆಕ್ಕ ಸೇರಿಸಿ ನೋಡಿ. ಮೊದಲ ಬಾಕ್ಸ್‌ಗೆ ಪೂರ್ತಿ ಚಂದಾ. ಎರಡನೆಯದಕ್ಕೆ, ಮೂರನೆಯದಕ್ಕೆ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಕಡಿಮೆ. ಮನೆ ಒಂದೇ, ನೋಡುವ ಕುಟುಂಬ ಒಂದೇ ಎಂಬ ಕಾರಣಕ್ಕೆ ಕೊಡುವ ರಿಯಾಯಿತಿ ಇದು. ಚಾನೆಲ್‌ಗಳ ಮಾಲೀಕರ ಜೊತೆ ಕಂಪನಿ ಮಾಡಿಕೊಳ್ಳುವ ಒಪ್ಪಂದದಲ್ಲೂ ಹೆಚ್ಚಾಗಿ ಲೆಕ್ಕ ಹಾಕುವುದು ಚಂದಾದಾರ ಮನೆಗಳನ್ನೇ. ಈಗ ಆರು ಸ್ನೇಹಿತರು ಸೇರಿ ಒಬ್ಬರ ಹೆಸರಿನಲ್ಲಿ ಖಾತೆ ತೆರೆದು, ಆರು ಬಾಕ್ಸ್ ತಗೊಂಡು, ಆರು ಮನೆಯಲ್ಲಿ ಇಟ್ಟುಕೊಂಡರೆ? ಕಂಪನಿಗೆ ಒಂದು ಮನೆಯ ಚಂದಾ ಬರುತ್ತದೆ, ಆರು ಮನೆ ನೋಡುತ್ತದೆ. ಚಾನೆಲ್‌ನವರಿಗೂ ಐದು ಮನೆಯ ಪಾಲು ಖೋತಾ. ಒಂದೇ ಖಾತೆಯ ಮೇಲೆ ಹೀಗೆ ಬಾಕ್ಸ್ ಪೇರಿಸುವುದು ಈ ಉದ್ಯಮದ ಹಳೆಯ ತಲೆನೋವು.

‘ಇದು ಒಂದೇ ಮನೆಯಾ?’ ಎಂದು ಕಂಪನಿ ಕೇಳಬೇಕು. ಉಪಗ್ರಹದ ಮೂಲಕ ಕೇಳಲು ದಾರಿ ಇಲ್ಲ. ಅದಕ್ಕೇ ‘ಎಷ್ಟು ಬಾಕ್ಸ್?’ ಎಂದು ಎಣಿಸುತ್ತಾರೆ. ಬಾಕ್ಸ್‌ನ ಸಂಖ್ಯೆ ಮನೆಯ ಅಂದಾಜು, ಅಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳು ಸುಲಭವಾಗಿ ಅರ್ಥವಾಗುತ್ತವೆ.

ಹಾಗಾದರೆ ದೊಡ್ಡ ಕುಟುಂಬದವರಿಗೆ ಅನ್ಯಾಯ ಆಗುವುದಿಲ್ಲವಾ?

ಆಗುತ್ತದೆ. ಏಳೆಂಟು ಕೋಣೆ ಇರುವ ಮನೆ, ಮೂರು ತಲೆಮಾರು ಒಟ್ಟಿಗೆ ಇರುವ ಮನೆ ಎಷ್ಟೋ ಇವೆ. ಅಂಥವರು ಒಬ್ಬರ ದುಡ್ಡನ್ನೂ ಉಳಿಸಿಕೊಂಡಿಲ್ಲ, ಆದರೂ ಅನುಮಾನದ ಪಟ್ಟಿಗೆ ಸೇರುತ್ತಾರೆ. ಮಿತಿ ಇರಲಿ, ಆದರೆ ಅದನ್ನು ಖಾತೆ ತೆರೆಯುವ ದಿನವೇ ಎದ್ದು ಕಾಣುವ ಹಾಗೆ ಹೇಳಬೇಕು. ನಿಜಕ್ಕೂ ಹೆಚ್ಚು ಬೇಕಾದವರಿಗೆ ಪರಿಶೀಲನೆ ಮಾಡಿ ಕೊಡುವ ದಾರಿಯನ್ನೂ ಇಡಬೇಕು. ಕೆಲವು ಕಂಪನಿಗಳು ಇಟ್ಟಿವೆ. ಆ ದಾರಿ ಹಿಡಿಯುವುದು ಹೇಗೆ ಎಂಬುದನ್ನು ಕೊನೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಬಾಕ್ಸ್‌ಗಳೆಲ್ಲ ಒಂದೇ ಮನೆಯಲ್ಲಿವೆ ಎಂದು ಕಂಪನಿ ಹೇಗೆ ಪತ್ತೆ ಮಾಡುತ್ತದೆ?

ಉಪಗ್ರಹಕ್ಕೆ ಮರಳಿ ಮಾತಾಡುವ ದಾರಿ ಇಲ್ಲದ ಕಾರಣ ಬೇರೆ ದಾರಿ ಹುಡುಕಿದರು. ಮೊದಲ ದಾರಿ ಫೋನ್ ಲೈನ್. 1994ರಲ್ಲಿ ಅಮೆರಿಕದಲ್ಲಿ ಡೈರೆಕ್‌ಟಿವಿ ಸೇವೆ ಶುರುವಾದಾಗಲೇ ಬಾಕ್ಸ್‌ನ ಹಿಂದೆ ಫೋನ್ ಜ್ಯಾಕ್ ಇತ್ತು. ದುಡ್ಡು ಕೊಟ್ಟು ಸಿನಿಮಾ ನೋಡಿದ ಲೆಕ್ಕವನ್ನು ಬಾಕ್ಸ್ ಆ ಲೈನ್ ಮೂಲಕ ಕಂಪನಿಗೆ ಒಪ್ಪಿಸುತ್ತಿತ್ತು. ಅದೇ ಲೈನ್ ಮನೆಯ ಸಾಕ್ಷಿಯಾಗಿಯೂ ಉಪಯೋಗಕ್ಕೆ ಬಂತು. ಎಲ್ಲ ಬಾಕ್ಸ್‌ಗಳೂ ಒಂದೇ ಫೋನ್ ನಂಬರ್‌ನಿಂದ ಕರೆ ಮಾಡಿದರೆ ಒಂದೇ ಮನೆ ಎಂದು ನಂಬಬಹುದು. ಬ್ರಿಟನ್ನಿನಲ್ಲಿ ಸ್ಕೈ ಕಂಪನಿ ಹೆಚ್ಚುವರಿ ಕೋಣೆಗಳ ಬಾಕ್ಸ್‌ಗಳನ್ನು ಒಂದೇ ಫೋನ್ ಲೈನ್‌ಗೆ ಜೋಡಿಸಿರಬೇಕು ಎಂದು ಷರತ್ತು ಹಾಕಿದ್ದು ಇದಕ್ಕೇ.

ಈಗ ಮನೆಯ ಇಂಟರ್ನೆಟ್ ಆ ಕೆಲಸ ಮಾಡುತ್ತದೆ. ಬಾಕ್ಸ್‌ಗಳೆಲ್ಲ ಒಂದೇ ಸಂಪರ್ಕದಿಂದ ಕಂಪನಿಯ ಸರ್ವರ್‌ಗೆ ಮಾತಾಡಿದರೆ ಸಾಕು.

ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ ಎಂದರೆ ಕೊನೆಗೆ ಪರಿಶೀಲನೆಯ ಕರೆ ಬರಬಹುದು. ಪ್ರತಿ ಟಿವಿಯ ಮುಂದೆ ಹೋಗಿ ಪರದೆ ಮೇಲೆ ಕಾಣುವ ನಂಬರ್ ಓದಿ ಹೇಳಿ ಎನ್ನುತ್ತಾರೆ. ಕರೆ ನಡೆಯುತ್ತಿರುವಾಗಲೇ ಎಲ್ಲ ಬಾಕ್ಸ್‌ಗಳ ನಂಬರ್ ಹೇಳಬೇಕು. ಬಾಕ್ಸ್ ಬೇರೆ ಮನೆಯಲ್ಲಿದ್ದರೆ ಇದು ಸಾಧ್ಯವಿಲ್ಲ. ಇಂಥ ಕರೆ ಬಂದರೆ ಕೋಪ ಮಾಡಿಕೊಳ್ಳಬೇಡಿ. ಆದರೆ ಒಂದು ಎಚ್ಚರ: ಕರೆ ಮಾಡಿದವರು ನಿಜವಾಗಿಯೂ ಕಂಪನಿಯವರಾ ಎಂದು ನೋಡಿಕೊಳ್ಳಿ. ಅನುಮಾನ ಬಂದರೆ ಕರೆ ಇಟ್ಟು, ಬಿಲ್ ಮೇಲಿರುವ ನಂಬರ್‌ಗೆ ನೀವೇ ಫೋನ್ ಮಾಡಿ. ಬಾಕ್ಸ್‌ನ ನಂಬರ್ ಕೇಳುವುದು ಸಹಜ. ಬ್ಯಾಂಕ್ ವಿವರ, ಒಟಿಪಿ ಕೇಳಿದರೆ ಅದು ಮೋಸ.

ಲೆಕ್ಕಕ್ಕೆ ಬರುವುದು ಯಾವುದು? ಬಾಕ್ಸಾ, ಟಿವಿಯಾ, ಟ್ಯೂನರಾ?

ಜಗಳಗಳು ಹುಟ್ಟುವುದೇ ಇಲ್ಲಿ. ಒಪ್ಪಂದದಲ್ಲಿ ಯಾವುದನ್ನು ಎಣಿಸಿದ್ದಾರೆ ಎಂದು ಕಣ್ಣಿಟ್ಟು ಓದಿ.

ಟ್ಯೂನರ್ ಎಂದರೆ ಬಾಕ್ಸ್‌ನೊಳಗೆ ಒಂದು ಸಲಕ್ಕೆ ಒಂದು ಪ್ರಸಾರವನ್ನು ಹಿಡಿಯುವ ಭಾಗ. ಸಾದಾ ಬಾಕ್ಸ್‌ನಲ್ಲಿ ಒಂದೇ ಇರುತ್ತದೆ. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡುವ ಬಾಕ್ಸ್‌ನಲ್ಲಿ ಎರಡಾದರೂ ಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೊಂದು ಬಾಕ್ಸ್. ಕಾರ್ಡ್ ಲೆಕ್ಕ ಹಾಕುವವರಿಗೂ ಒಂದೊಂದೇ. ಆದರೆ ಕೇಬಲ್ ಲೆಕ್ಕದಲ್ಲಿ ರೆಕಾರ್ಡಿಂಗ್ ಬಾಕ್ಸ್ ಎರಡು. ಡೈರೆಕ್‌ಟಿವಿಯ ಒಂದೇ ಕೇಬಲ್ ಜೋಡಣೆಯ ಸ್ವಿಚ್ (ಡಿಶ್‌ನ ಸಿಗ್ನಲ್ ಅನ್ನು ಬಾಕ್ಸ್‌ಗಳಿಗೆ ಹಂಚುವ ಸಾಧನ) ಒಂದರಲ್ಲಿ ಎಂಟು ಟ್ಯೂನರ್‌ಗೆ ಜಾಗ ಇತ್ತು. ಎರಡೆರಡು ಟ್ಯೂನರ್‌ನ ನಾಲ್ಕು ಬಾಕ್ಸ್ ಹಾಕಿದರೆ ಅದು ಭರ್ತಿ. ಖಾತೆಯಲ್ಲಿ ಇನ್ನೂ ಬಾಕ್ಸ್‌ಗೆ ಅವಕಾಶ ಇದ್ದರೂ ಐದನೆಯದು ಸಿಗ್ನಲ್ ಹಿಡಿಯುವುದಿಲ್ಲ. ಗ್ರಾಹಕರಿಗೆ ಇದು ಕಂಪನಿಯ ಕಳ್ಳಾಟದ ಹಾಗೆ ಕಾಣುತ್ತದೆ. ನಿಜಕ್ಕೂ ಅದು ತಂತಿಯ ಲೆಕ್ಕ, ದೊಡ್ಡ ಸ್ವಿಚ್ ಹಾಕಿದರೆ ಸರಿಹೋಗುತ್ತದೆ.

ಟಿವಿಯನ್ನು ಎಣಿಸುವ ಕಂಪನಿಗಳೂ ಇವೆ. ಅಲ್ಲಿ ಒಂದೇ ಬಾಕ್ಸ್‌ನಿಂದ ಎರಡು ಟಿವಿಗೆ ಬೇರೆ ಬೇರೆ ಚಾನೆಲ್ ಕೊಟ್ಟರೂ ಎರಡು ಎಂದೇ ಲೆಕ್ಕ.

ಒಂದು ದೊಡ್ಡ ಬಾಕ್ಸ್, ಉಳಿದ ಕೋಣೆಗಳಿಗೆ ಚಿಕ್ಕ ಬಾಕ್ಸ್: ಈ ಪದ್ಧತಿಯಲ್ಲಿ ಮಿತಿ ಹೇಗೆ?

ಇಲ್ಲಿ ಡಿಶ್‌ನ ಕೇಬಲ್ ಬರುವುದು ಮುಖ್ಯ ಬಾಕ್ಸ್‌ಗೆ ಮಾತ್ರ. ಟ್ಯೂನರ್‌ಗಳೂ ಹಾರ್ಡ್ ಡಿಸ್ಕೂ ಅದರಲ್ಲೇ ಇರುತ್ತವೆ. ಉಳಿದ ಕೋಣೆಗಳ ಚಿಕ್ಕ ಬಾಕ್ಸ್‌ಗಳು ಮನೆಯ ನೆಟ್‌ವರ್ಕ್ ಮೂಲಕ ಅದರಿಂದ ಚಿತ್ರ ಪಡೆಯುತ್ತವೆ. ಅಮೆರಿಕದ ಡಿಶ್ ನೆಟ್‌ವರ್ಕ್ ಕಂಪನಿ 2012ರಲ್ಲಿ ತಂದ ಹಾಪರ್ (ಮುಖ್ಯ ಬಾಕ್ಸ್) ಮತ್ತು ಜೋಯಿ (ಚಿಕ್ಕ ಬಾಕ್ಸ್), ಸ್ಕೈ ಕಂಪನಿ 2016ರಲ್ಲಿ ತಂದ ಸ್ಕೈ ಕ್ಯೂ ಈ ಬಗೆಯವು. ಮೊದಲ ಹಾಪರ್‌ನಲ್ಲಿ ಮೂರು ಟ್ಯೂನರ್ ಇತ್ತು. 2016ರ ಹಾಪರ್ 3ರಲ್ಲಿ ಹದಿನಾರು.

ಈ ಪದ್ಧತಿ ಬಂದ ಮೇಲೆ ಮನೆಯ ಪ್ರಶ್ನೆ ತಾನಾಗಿಯೇ ಬಹಳಷ್ಟು ಬಗೆಹರಿಯಿತು. ಚಿಕ್ಕ ಬಾಕ್ಸ್ ಮುಖ್ಯ ಬಾಕ್ಸ್ ಇರುವ ನೆಟ್‌ವರ್ಕ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಪರದೆ ಕಪ್ಪು. ಪಕ್ಕದ ಊರಿಗೆ ಒಯ್ದರೆ ಅದು ಖಾಲಿ ಡಬ್ಬಿ. ಆದರೆ ಹೊಸ ಮಿತಿ ಹುಟ್ಟಿಕೊಂಡಿತು. ಚಿಕ್ಕ ಬಾಕ್ಸ್ ಎಷ್ಟಾದರೂ ಇರಲಿ, ಒಂದೇ ಹೊತ್ತಿಗೆ ಎಷ್ಟು ಕೋಣೆಯಲ್ಲಿ ನೋಡಬಹುದು ಎಂಬುದು ಮುಖ್ಯ ಬಾಕ್ಸ್‌ನ ಮೇಲೆ ನಿಂತಿದೆ. ಜೋಡಿಸಬಹುದಾದ ಸಂಖ್ಯೆ ಬೇರೆ, ಒಟ್ಟಿಗೆ ಓಡುವ ಸಂಖ್ಯೆ ಬೇರೆ. ಕೊಳ್ಳುವ ಮುಂಚೆ ಎರಡನ್ನೂ ಬಿಡಿಬಿಡಿಯಾಗಿ ಕೇಳಿ. ಮುಖ್ಯ ಬಾಕ್ಸ್ ಕೆಟ್ಟರೆ ಮನೆಯ ಎಲ್ಲ ಟಿವಿಯೂ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಕಂಪನಿ ಒಪ್ಪಿತು, ಆದರೆ ‘ಡಿಶ್‌ನಲ್ಲಿ ಜಾಗ ಇಲ್ಲ’ ಎಂದು ಟೆಕ್ನಿಷಿಯನ್ ಹೇಳುತ್ತಿದ್ದಾನೆ. ಏನಿದು?

ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿ ಇರುವುದು ಎಲ್‌ಎನ್‌ಬಿ. ಸಿಗ್ನಲ್ ಹಿಡಿಯುವುದು ಅದೇ, ತಟ್ಟೆ ಬರೀ ಕನ್ನಡಿ. ಉಪಗ್ರಹದಿಂದ 10.7ರಿಂದ 12.75 ಗಿಗಾಹರ್ಟ್ಸ್ ನಡುವೆ ಬರುವ ಸಿಗ್ನಲ್ ಅನ್ನು ಎಲ್‌ಎನ್‌ಬಿ 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ಹಾಕುತ್ತದೆ. ಇಷ್ಟು ಅಗಲದ ತರಂಗ ಪಟ್ಟಿ ಒಂದು ಕೇಬಲ್‌ನಲ್ಲಿ ಒಟ್ಟಿಗೆ ಹಿಡಿಸುವುದಿಲ್ಲ. ಹಾಗಾಗಿ ಅದನ್ನು ನಾಲ್ಕು ಭಾಗ ಮಾಡಿದ್ದಾರೆ. ಅಡ್ಡ ಅಲೆ, ಲಂಬ ಅಲೆ ಎಂದು ಎರಡು. ಅವುಗಳಲ್ಲಿ ಮತ್ತೆ ಕೆಳಗಿನ ಪಟ್ಟಿ, ಮೇಲಿನ ಪಟ್ಟಿ ಎಂದು ಎರಡೆರಡು. ನೀವು ಚಾನೆಲ್ ಬದಲಿಸಿದಾಗ ಬಾಕ್ಸ್ ಕೇಬಲ್ ಮೂಲಕವೇ ಎಲ್‌ಎನ್‌ಬಿಗೆ ಆದೇಶ ಕಳಿಸುತ್ತದೆ. 13 ವೋಲ್ಟ್ ಕೊಟ್ಟರೆ ಲಂಬ, 18 ವೋಲ್ಟ್ ಕೊಟ್ಟರೆ ಅಡ್ಡ. 22 ಕಿಲೋಹರ್ಟ್ಸ್ ಸ್ವರ ಸೇರಿಸಿದರೆ ಮೇಲಿನ ಪಟ್ಟಿ, ಸೇರಿಸದಿದ್ದರೆ ಕೆಳಗಿನದು. ಯೂನಿವರ್ಸಲ್ ಎಲ್‌ಎನ್‌ಬಿ ಇರುವ ಕಡೆ ಈ ಲೆಕ್ಕ. ಬೇರೆ ಪಟ್ಟಿ ಬಳಸುವ ಸೇವೆಗಳಲ್ಲಿ ಅಂಕಿಗಳು ಬದಲಾಗುತ್ತವೆ.

ಅಂದರೆ ಒಂದು ಕೇಬಲ್ ಒಂದು ಸಲಕ್ಕೆ ಒಂದು ಭಾಗವನ್ನು ಮಾತ್ರ ತರುತ್ತದೆ, ಆ ಭಾಗ ಯಾವುದೆಂದು ಆರಿಸುವುದು ಒಂದು ಟ್ಯೂನರ್. ಅದಕ್ಕೇ ಇಂಥ ಸಾಮಾನ್ಯ ಜೋಡಣೆಯಲ್ಲಿ ಪ್ರತಿ ಟ್ಯೂನರ್‌ಗೂ ಎಲ್‌ಎನ್‌ಬಿಯಿಂದ ಬೇರೆಯೇ ಕೇಬಲ್ ಬೇಕು. ಎರಡು ಬಾಯಿಯ ಎಲ್‌ಎನ್‌ಬಿ ಇದ್ದರೆ ಎರಡು ಟ್ಯೂನರ್, ನಾಲ್ಕು ಬಾಯಿ ಇದ್ದರೆ ನಾಲ್ಕು, ಎಂಟು ಇದ್ದರೆ ಎಂಟು. ಟೆಕ್ನಿಷಿಯನ್ ‘ಜಾಗ ಇಲ್ಲ’ ಎಂದದ್ದು ಈ ಬಾಯಿಗಳ ಬಗ್ಗೆ.

ಅದಕ್ಕೂ ಹೆಚ್ಚು ಬೇಕಾದರೆ ಮಲ್ಟಿಸ್ವಿಚ್ ಹಾಕಬೇಕು. ನಾಲ್ಕು ಭಾಗಗಳನ್ನು ನಾಲ್ಕು ಕೇಬಲ್‌ನಲ್ಲಿ ಸ್ವಿಚ್‌ಗೆ ತಂದು, ಅಲ್ಲಿಂದ ಎಂಟು, ಹನ್ನೆರಡು, ಹದಿನಾರು ಟ್ಯೂನರ್‌ಗೆ ಹಂಚಬಹುದು. ಇಲ್ಲಿ ಅಂಗಡಿಯಲ್ಲಿ ತಪ್ಪು ಮಾಲು ಬರುವುದು ಜಾಸ್ತಿ. ‘ಕ್ವಾಡ್’ ಎಲ್‌ಎನ್‌ಬಿಯ ನಾಲ್ಕು ಬಾಯಿಗಳು ನಾಲ್ಕು ಟ್ಯೂನರ್‌ಗೆ ನೇರವಾಗಿ ಹೋಗಲು ಇರುವಂಥವು. ‘ಕ್ವಾಟ್ರೋ’ ಎಲ್‌ಎನ್‌ಬಿಯ ನಾಲ್ಕು ಬಾಯಿಗಳಲ್ಲಿ ಒಂದೊಂದರಲ್ಲೂ ಒಂದೊಂದು ಭಾಗ ಖಾಯಂ ಆಗಿರುತ್ತದೆ, ಅದು ಮಲ್ಟಿಸ್ವಿಚ್‌ಗೆ. ಕ್ವಾಟ್ರೋ ತಂದು ನೇರವಾಗಿ ಬಾಕ್ಸ್‌ಗೆ ಹಾಕಿದರೆ ಕಾಲು ಭಾಗ ಚಾನೆಲ್ ಮಾತ್ರ ಬರುತ್ತದೆ, ಉಳಿದವು ಕಾಣುವುದಿಲ್ಲ. ಚಂದಾ ಮುಗಿದಿದೆ ಎಂದುಕೊಂಡು ಕಂಪನಿಗೆ ಫೋನ್ ಮಾಡುವವರಿದ್ದಾರೆ.

ಸುಮ್ನೆ ಒಂದು ಸ್ಪ್ಲಿಟರ್ ಹಾಕಿದರೆ ಆಗಲ್ವಾ?

ಸ್ಪ್ಲಿಟರ್ ಎಂದರೆ ಒಂದು ಕೇಬಲ್ ಅನ್ನು ಎರಡಾಗಿ ಕವಲು ಮಾಡುವ ಚಿಕ್ಕ ಸಾಧನ. ಸಾಮಾನ್ಯ ಉಪಗ್ರಹ ಜೋಡಣೆಯಲ್ಲಿ ಅದರಿಂದ ಆಗುವುದಿಲ್ಲ. ಕೆಳಗಿನ ಕೋಣೆಯ ಬಾಕ್ಸ್ 13 ವೋಲ್ಟ್ ಕೇಳುತ್ತದೆ, ಮೇಲಿನ ಕೋಣೆಯದು 18 ಕೇಳುತ್ತದೆ. ಎಲ್‌ಎನ್‌ಬಿ ಒಂದರ ಮಾತು ಮಾತ್ರ ಕೇಳಬಲ್ಲದು. ಒಬ್ಬರು ಚಾನೆಲ್ ಬದಲಿಸಿದಾಗ ಇನ್ನೊಬ್ಬರ ಚಿತ್ರ ಹಾರಿಹೋಗುತ್ತದೆ. ನಡುನಡುವೆ ಸರಿ ಕಾಣುವುದರಿಂದ ದೋಷ ಎಲ್ಲಿದೆ ಎಂದು ತಿಳಿಯುವುದೂ ಕಷ್ಟ.

ಮನೆಯ ಗೋಡೆಯಲ್ಲಿ ಒಂದೇ ಕೇಬಲ್ ಇದೆ. ಹೊಸದು ಎಳೆಯಲು ಬರುವುದಿಲ್ಲ. ದಾರಿ ಇದೆಯಾ?

ಇದೆ. ಒಂದೇ ಕೇಬಲ್‌ನಲ್ಲಿ ಹಲವು ಟ್ಯೂನರ್‌ಗೆ ಸಿಗ್ನಲ್ ಹಂಚುವ ವ್ಯವಸ್ಥೆಗೆ 2007ರಲ್ಲಿ ಇಎನ್ 50494 ಎಂಬ ಯುರೋಪಿಯನ್ ಮಾನದಂಡ ಬಂತು. ಯೂನಿಕೇಬಲ್ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಕೇಬಲ್‌ನೊಳಗೆ ಪ್ರತಿ ಟ್ಯೂನರ್‌ಗೂ ಒಂದೊಂದು ಖಾಸಗಿ ಪಟ್ಟಿ ಬಿಟ್ಟುಕೊಡುತ್ತಾರೆ. ಟ್ಯೂನರ್ ತನಗೆ ಬೇಕಾದ ಪ್ರಸಾರವನ್ನು ಕೇಳುತ್ತದೆ. ಎಲ್‌ಎನ್‌ಬಿ ಅಥವಾ ಸ್ವಿಚ್ ಆ ಒಂದು ತುಂಡನ್ನು ಮಾತ್ರ ಎತ್ತಿ ಆ ಟ್ಯೂನರ್‌ನ ಪಟ್ಟಿಯಲ್ಲಿ ಇಟ್ಟುಕೊಡುತ್ತದೆ. ಮೊದಲ ಮಾನದಂಡದಲ್ಲಿ ಎಂಟು ಪಟ್ಟಿಗಳವರೆಗೆ ಅವಕಾಶ. ಆಮೇಲೆ ಬಂದ ಇಎನ್ 50607ರಲ್ಲಿ ಮೂವತ್ತೆರಡರವರೆಗೆ.

ಈ ಜೋಡಣೆಗೆ ತಕ್ಕ ಸ್ಪ್ಲಿಟರ್ ಇಲ್ಲಿ ಬಳಸಬಹುದು. ಬಾಕ್ಸ್ ಕೂಡ ಇದಕ್ಕೆ ಒಗ್ಗುವಂಥದ್ದಾಗಿರಬೇಕು, ಹಳೆಯ ಬಾಕ್ಸ್‌ಗಳು ಹೆಚ್ಚಾಗಿ ಒಗ್ಗುವುದಿಲ್ಲ. ಎರಡು ಬಾಕ್ಸ್‌ಗೆ ಒಂದೇ ಪಟ್ಟಿಯ ನಂಬರ್ ಕೊಟ್ಟರೆ ಎರಡೂ ಕೆಡುತ್ತವೆ. ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಬಾಕ್ಸ್‌ಗಳ ಹಿಂದೆ ಅಂಟಿಸಿಡಿ. ಮುಂದೆ ಬರುವ ಟೆಕ್ನಿಷಿಯನ್ ನಿಮಗೆ ಕೈಮುಗಿಯುತ್ತಾನೆ.

ಕೇಬಲ್‌ನ ಉದ್ದವನ್ನೂ ನೋಡಿಕೊಳ್ಳಿ. ಸಾಮಾನ್ಯ ಆರ್‌ಜಿ 6 ಕೇಬಲ್ 2 ಗಿಗಾಹರ್ಟ್ಸ್ ಹತ್ತಿರ ನೂರು ಮೀಟರ್‌ಗೆ ಸುಮಾರು 30 ಡೆಸಿಬೆಲ್ ಸಿಗ್ನಲ್ ನುಂಗುತ್ತದೆ. ದೂರದ ಕೋಣೆಯಲ್ಲಿ ಕೆಲವೇ ಚಾನೆಲ್‌ಗಳು ಒಡೆದು ಬಂದರೆ ಬಾಕ್ಸ್ ಬದಲಿಸುವ ಮುಂಚೆ ಕೇಬಲ್ ಮತ್ತು ಅದರ ತುದಿಯ ಕನೆಕ್ಟರ್ ನೋಡಿಸಿ.

ಒಂದೇ ಬಾಕ್ಸ್‌ನಿಂದ ಎರಡು ಟಿವಿಗೆ ಕೊಡಬಹುದಾ?

ಎರಡರಲ್ಲೂ ಒಂದೇ ಚಾನೆಲ್ ಸಾಕಾದರೆ ಕೊಡಬಹುದು. ಬಾಕ್ಸ್‌ನ ಎಚ್‌ಡಿಎಂಐ ಬಾಯಿಯಿಂದ ಎಚ್‌ಡಿಎಂಐ ಸ್ಪ್ಲಿಟರ್ ಮೂಲಕ ಎರಡು ಟಿವಿಗೆ ಎಳೆಯುತ್ತಾರೆ. ಇದು ಡಿಶ್ ಕೇಬಲ್‌ನ ಸ್ಪ್ಲಿಟರ್ ಅಲ್ಲ, ಬೇರೆಯೇ ವಸ್ತು. ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆ ಇರುವುದರಿಂದ ಸ್ಪ್ಲಿಟರ್ ಮತ್ತು ಎರಡೂ ಟಿವಿಗಳು ಅದಕ್ಕೆ ಒಗ್ಗಬೇಕು. 4ಕೆ ಚಾನೆಲ್‌ಗಳಿಗೆ ಹೆಚ್ಚಾಗಿ ಎಚ್‌ಡಿಸಿಪಿ 2.2 ಬೇಕು, ಒಂದು ಟಿವಿ ಹಳೆಯದಿದ್ದರೂ ಚಿತ್ರ ಬರದೆ ಇರಬಹುದು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಹಾಲ್‌ನ ಕಾರ್ಯಕ್ರಮವನ್ನೇ ನೋಡುವವರಿಗೆ ಇದು ಧಾರಾಳವಾಗಿ ಸಾಕು. ಇದಕ್ಕಾಗಿ ಇನ್ನೊಂದು ಬಾಕ್ಸ್ ತಗೊಳ್ಳುವ ಅಗತ್ಯವೇ ಇಲ್ಲ. ಟಿವಿ ಲೆಕ್ಕ ಹಾಕುವ ಕಂಪನಿಯಾದರೆ ಮಾತ್ರ ಮೊದಲು ಕೇಳಿಕೊಳ್ಳಿ.

ಒಂದೇ ಕಾರ್ಡ್ ಅನ್ನು ಈ ಬಾಕ್ಸ್‌ನಿಂದ ಆ ಬಾಕ್ಸ್‌ಗೆ ಬದಲಿಸುತ್ತಾ ಬಳಸಬಹುದಾ?

ಈಗಿನ ಬಾಕ್ಸ್‌ಗಳಲ್ಲಿ ಬಹುತೇಕ ಆಗುವುದಿಲ್ಲ. ಕಾರ್ಡ್ ಮತ್ತು ಬಾಕ್ಸ್ ಅನ್ನು ಕಂಪನಿ ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಇದಕ್ಕೆ ಪೇರಿಂಗ್ ಅನ್ನುತ್ತಾರೆ. ಬೇರೆ ಬಾಕ್ಸ್‌ಗೆ ಹಾಕಿದರೆ ‘ಕಾರ್ಡ್ ಈ ಬಾಕ್ಸ್‌ಗೆ ಸೇರಿದ್ದಲ್ಲ’ ಎಂದು ತೋರಿಸುತ್ತದೆ. ಎಷ್ಟೋ ಬಾಕ್ಸ್‌ಗಳಲ್ಲಿ ಈಗ ಹೊರಗಿನ ಕಾರ್ಡೇ ಇಲ್ಲ, ಆ ಕೆಲಸ ಒಳಗಿನ ಚಿಪ್ ಮಾಡುತ್ತದೆ. ಬಾಕ್ಸ್ ಕೆಟ್ಟು ಬದಲಿಸಿದಾಗ ಹೊಸದಾಗಿ ಜೋಡಿಸಲು ಕಂಪನಿಯಿಂದಲೇ ಸಂದೇಶ ಬರಬೇಕು.

ಇಂಟರ್ನೆಟ್ ಮೂಲಕ ಒಂದು ಕಾರ್ಡ್ ಅನ್ನು ಹಲವು ಬಾಕ್ಸ್‌ಗೆ ಹಂಚುವ ಉಪಾಯ ಇದೆಯಂತೆ?

ಕಾರ್ಡ್ ಶೇರಿಂಗ್ ಎನ್ನುವುದು ಅದನ್ನೇ. ಕಾರ್ಡ್ ಬಿಡಿಸಿದ ಕೀಲಿಯನ್ನು ನೆಟ್‌ವರ್ಕ್ ಮೂಲಕ ಬೇರೆ ಬಾಕ್ಸ್‌ಗಳಿಗೆ ಕಳಿಸುತ್ತಾರೆ. ದುಡ್ಡು ತಗೊಂಡು ಹೀಗೆ ಹಂಚುವವರೂ ಇದ್ದಾರೆ. ಇದರ ಹತ್ತಿರ ಹೋಗಬೇಡಿ. ಒಪ್ಪಂದ ಮುರಿಯುವುದಷ್ಟೇ ಅಲ್ಲ, ಅನೇಕ ದೇಶಗಳಲ್ಲಿ ಇದು ಅಪರಾಧ. ರಕ್ಷಣೆ ಮುರಿಯುವ ಸಾಧನಗಳನ್ನು ಮಾರುವುದರ ವಿರುದ್ಧ ಯುರೋಪಿಯನ್ ಒಕ್ಕೂಟದಲ್ಲಿ 1998ರಿಂದಲೇ ನಿರ್ದೇಶನ ಇದೆ. ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾನೂನು ಬಂದದ್ದೂ ಅದೇ ವರ್ಷ. ಇಂಥವರು ಕೊಡುವ ಬಾಕ್ಸ್ ನಿಮ್ಮ ಮನೆಯ ನೆಟ್‌ವರ್ಕ್‌ನಲ್ಲಿ ಕುಳಿತು ಇನ್ನೇನು ಮಾಡುತ್ತದೆ ಎಂಬ ಭರವಸೆಯೂ ಇಲ್ಲ. ನಿಯಮದ ಬಗ್ಗೆ ಎಷ್ಟೇ ಸಿಟ್ಟಿದ್ದರೂ ಇದು ಅದಕ್ಕೆ ಉತ್ತರವಲ್ಲ.

ಎರಡನೇ ಮನೆಗೆ, ಪ್ರವಾಸಕ್ಕೆ ಬಾಕ್ಸ್ ಒಯ್ಯಬಹುದಾ?

ಒಪ್ಪಂದ ನೋಡಬೇಕು. ಒಂದು ವಿಳಾಸಕ್ಕೆ ಕೊಟ್ಟ ಸೇವೆಯನ್ನು ಅಲ್ಲೇ ಬಳಸಬೇಕು ಎಂಬುದು ಸಾಮಾನ್ಯ ಷರತ್ತು. ವಾಹನದಲ್ಲಿ ಡಿಶ್ ಇಟ್ಟುಕೊಂಡು ತಿರುಗುವವರಿಗೆ ಕೆಲವು ಕಂಪನಿಗಳಲ್ಲಿ ಬೇರೆ ಯೋಜನೆ ಇರುತ್ತದೆ. ತಾಂತ್ರಿಕವಾಗಿ ಡಿಶ್ ಸರಿಯಾಗಿ ತಿರುಗಿಸಿದರೆ ಬಾಕ್ಸ್ ಕೆಲಸ ಮಾಡಬಹುದು. ಆದರೆ ಸ್ಥಳೀಯ ಚಾನೆಲ್‌ಗಳನ್ನು ಒಂದೊಂದು ಪ್ರದೇಶಕ್ಕೆ ಮಾತ್ರ ಬೀಳುವ ಕಿರಿದಾದ ಕಿರಣದಲ್ಲಿ ಕಳಿಸುವ ಕಡೆ, ಆ ಪ್ರದೇಶ ದಾಟಿದರೆ ಅವು ಹೋಗುತ್ತವೆ. ಒಂದು ಬಾಕ್ಸ್ ಇಲ್ಲಿ, ಇನ್ನೊಂದು ಅಲ್ಲಿ ಖಾಯಂ ಇಡುವುದು ಮಾತ್ರ ಮಿತಿ ಯಾವುದನ್ನು ತಡೆಯಲು ಹುಟ್ಟಿತೋ ಅದೇ. ಅದಕ್ಕೆ ಇನ್ನೊಂದು ಖಾತೆ ತೆರೆಯಿರಿ.

ಮೇಲಿನ ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಅವರಿಗೂ ನಮ್ಮ ಖಾತೆಯಿಂದಲೇ ಒಂದು ಬಾಕ್ಸ್ ಕೊಡಬಹುದಾ?

ಕೊಡಬಾರದು. ಕಟ್ಟಡ ಒಂದೇ ಆದರೂ ಅವರದು ಬೇರೆ ಮನೆ. ಆದರೆ ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಅನುಕೂಲ ಒಂದಿದೆ. ಡಿಶ್‌ಗೆ ಖಾತೆ ಇಲ್ಲ, ಖಾತೆ ಇರುವುದು ಬಾಕ್ಸ್‌ಗೆ. ಒಂದೇ ಡಿಶ್‌ನ ನಾಲ್ಕು ಬಾಯಿಯ ಎಲ್‌ಎನ್‌ಬಿಯಿಂದ ಎರಡು ಕೇಬಲ್ ನಿಮಗೆ, ಎರಡು ಅವರಿಗೆ ಹೋಗಬಹುದು. ಇಬ್ಬರದೂ ಬೇರೆ ಬೇರೆ ಖಾತೆ. ಅದೇ ಉಪಗ್ರಹ ಬಳಸುವ ಸೇವೆಯಾದರೆ ಕಂಪನಿ ಬೇರೆಯಾದರೂ ಅಡ್ಡಿಯಿಲ್ಲ. ದೊಡ್ಡ ವಸತಿ ಕಟ್ಟಡಗಳಲ್ಲಿ ಮಾಳಿಗೆಯ ಮೇಲೆ ಒಂದೇ ಡಿಶ್ ಇಟ್ಟು ಎಲ್ಲ ಮನೆಗೂ ಹಂಚುವುದು ಹೀಗೆಯೇ. ಡಿಶ್ ಬಾಡಿಗೆಗೆ ಬಂದದ್ದಾದರೆ ಅದರ ಕಂಪನಿಯನ್ನು ಒಂದು ಮಾತು ಕೇಳಿ.

ಮನೆಯ ಬಾಕ್ಸ್ ಅನ್ನು ಅಂಗಡಿಯಲ್ಲಿ, ಹೋಟೆಲ್‌ನಲ್ಲಿ ಹಾಕಬಹುದಾ?

ಇಲ್ಲ. ಸಾರ್ವಜನಿಕರಿಗೆ ತೋರಿಸಲು ಬೇರೆ ಬಗೆಯ ಖಾತೆ ಬೇಕು, ಅದರ ದರವೂ ಬೇರೆ. ಕ್ರೀಡಾ ಚಾನೆಲ್‌ಗಳ ವಿಷಯದಲ್ಲಿ ಕಂಪನಿಗಳು ಇದನ್ನು ತುಂಬಾ ಗಟ್ಟಿಯಾಗಿ ಹಿಡಿಯುತ್ತವೆ. ಇಂಗ್ಲೆಂಡಿನ ಪಬ್‌ಗಳಲ್ಲಿ ಗ್ರೀಸ್ ದೇಶದ ಕಾರ್ಡ್ ಹಾಕಿ ಫುಟ್‌ಬಾಲ್ ತೋರಿಸಿದ ವಿವಾದ ಯುರೋಪಿಯನ್ ನ್ಯಾಯಾಲಯದವರೆಗೂ ಹೋಗಿತ್ತು. ಬೇರೆ ಸದಸ್ಯ ದೇಶದ ಕಾರ್ಡ್ ಆಮದು ಮಾಡುವುದನ್ನು ನಿಷೇಧಿಸುವಂತಿಲ್ಲ ಎಂದು ನ್ಯಾಯಾಲಯ 2011ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಪಬ್‌ನಲ್ಲಿ ತೋರಿಸುವುದು ಸಾರ್ವಜನಿಕ ಪ್ರದರ್ಶನ, ಅದರಲ್ಲಿ ಕೃತಿಸ್ವಾಮ್ಯ ಇರುವ ಭಾಗಗಳಿಗೆ ಹಕ್ಕುದಾರರ ಒಪ್ಪಿಗೆ ಬೇಕು ಎಂದೂ ಹೇಳಿತು.

ಮೂಲೆಯಲ್ಲಿ ಬಿದ್ದಿರುವ ಹಳೆಯ ಬಾಕ್ಸ್ ಲೆಕ್ಕಕ್ಕೆ ಬರುತ್ತದಾ?

ಖಾತೆಯಲ್ಲಿ ಚಾಲ್ತಿಯಲ್ಲಿದ್ದರೆ ಬರುತ್ತದೆ. ಪ್ಲಗ್ ತೆಗೆದಿಟ್ಟರೂ ಬರುತ್ತದೆ, ಅದರ ಶುಲ್ಕವೂ ಬಿಲ್‌ನಲ್ಲಿ ಇರುತ್ತದೆ. ಮಿತಿ ಮುಟ್ಟಿದೆ ಎನ್ನುವ ಎಷ್ಟೋ ಮನೆಗಳ ಸಮಸ್ಯೆ ಇಷ್ಟೇ. ಬಿಲ್ ತೆರೆದು ಬಾಕ್ಸ್‌ಗಳ ಪಟ್ಟಿ ನೋಡಿ, ಬಳಸದೆ ಇರುವುದನ್ನು ನಿಲ್ಲಿಸಲು ಹೇಳಿ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಡಿಗೆ ಬಾಕ್ಸ್ ಆದರೆ ಹಿಂದಿರುಗಿಸಿ ರಸೀದಿ ಇಟ್ಟುಕೊಳ್ಳಿ.

ಸೆಕೆಂಡ್ ಹ್ಯಾಂಡ್ ಬಾಕ್ಸ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅದರ ನಂಬರ್ ಕಂಪನಿಗೆ ಹೇಳಿ ವಿಚಾರಿಸಿ. ಹಳೆಯ ಮಾಲೀಕರ ಬಾಕಿ ಇದ್ದರೆ, ಅಥವಾ ಅದು ಕಂಪನಿಯದೇ ಸೊತ್ತಾಗಿದ್ದರೆ, ನಿಮ್ಮ ಖಾತೆಗೆ ಸೇರಿಸಿಕೊಳ್ಳುವುದಿಲ್ಲ.

ಕೆಲವು ತಿಂಗಳು ಆಫ್ ಇದ್ದ ಬಾಕ್ಸ್ ಆನ್ ಮಾಡಿದರೆ ಚಾನೆಲ್ ತೆರೆಯುತ್ತಿಲ್ಲ. ಮಿತಿ ಮೀರಿದೆ ಅಂತಲಾ?

ಹೆಚ್ಚಾಗಿ ಅಲ್ಲ. ಅಧಿಕಾರದ ಸಂದೇಶಗಳು ಉಪಗ್ರಹದಿಂದ ಸರದಿಯಲ್ಲಿ ಬರುತ್ತಿರುತ್ತವೆ. ಬಾಕ್ಸ್ ಆಫ್ ಇದ್ದಾಗ ಬಂದದ್ದು ಅದಕ್ಕೆ ಸಿಗುವುದಿಲ್ಲ, ಹಳೆಯ ಅಧಿಕಾರದ ಅವಧಿ ಮುಗಿದಿರುತ್ತದೆ. ಬಾಕ್ಸ್ ಆನ್ ಮಾಡಿ, ಚಂದಾ ಇರುವ ಚಾನೆಲ್ ಒಂದರಲ್ಲಿ ಇಟ್ಟು, ಸಂದೇಶ ಮತ್ತೆ ಕಳಿಸಲು ಕಂಪನಿಗೆ ಹೇಳಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ಒಂದು ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಇನ್ನೊಂದರಲ್ಲಿ ನೋಡಬಹುದಾ?

ಮುಖ್ಯ ಬಾಕ್ಸ್, ಚಿಕ್ಕ ಬಾಕ್ಸ್ ಪದ್ಧತಿಯಲ್ಲಿ ನೋಡಬಹುದು. ಬಿಡಿ ಬಾಕ್ಸ್‌ಗಳಲ್ಲಿ ರೆಕಾರ್ಡಿಂಗ್ ಆ ಬಾಕ್ಸ್‌ಗೇ ಬೀಗ ಹಾಕಿಕೊಂಡಿರುತ್ತದೆ. ಡಿಸ್ಕ್ ಬಿಚ್ಚಿ ಇನ್ನೊಂದಕ್ಕೆ ಹಾಕಿದರೂ ಓಡುವುದಿಲ್ಲ. ಬಾಕ್ಸ್ ಹಿಂದಿರುಗಿಸುವ ಮುಂಚೆ ಬೇಕಾದದ್ದನ್ನು ನೋಡಿ ಮುಗಿಸಿ.

ಉಚಿತ ಚಾನೆಲ್‌ಗಳಿಗೂ ಈ ಮಿತಿ ಇದೆಯಾ?

ಗುಪ್ತ ಲಿಪಿ ಇಲ್ಲದೆ ಬರುವ ಚಾನೆಲ್‌ಗೆ ಖಾತೆಯೇ ಬೇಡ. ಎಷ್ಟು ಬಾಕ್ಸ್ ಬೇಕಾದರೂ ಹಾಕಿ. ತಡೆಯುವುದು ಕೇಬಲ್ ಒಂದೇ. ಮಕ್ಕಳ ಕೋಣೆಗೋ ಅತಿಥಿಗಳ ಕೋಣೆಗೋ ಉಚಿತ ಚಾನೆಲ್‌ಗಳೇ ಸಾಕಾಗುವುದಾದರೆ ಅಲ್ಲಿ ಇಂಥ ಬಾಕ್ಸ್ ಇಟ್ಟು, ಖಾತೆಯ ಬಾಕ್ಸ್‌ಗಳನ್ನು ನಿಜಕ್ಕೂ ಬೇಕಾದ ಕಡೆ ಬಳಸಿಕೊಳ್ಳಿ. ನನಗೆ ಇದು ತುಂಬಾ ಒಳ್ಳೆಯ ದಾರಿ ಅನ್ನಿಸುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಅದೂ ಒಂದು ಬಾಕ್ಸ್ ಎಂದು ಲೆಕ್ಕವಾ?

ಸಾಮಾನ್ಯವಾಗಿ ಅದಕ್ಕೆ ಬೇರೆ ಲೆಕ್ಕ. ಇಂಟರ್ನೆಟ್ ಎರಡೂ ದಿಕ್ಕಿನ ದಾರಿ. ಯಾರು, ಎಲ್ಲಿಂದ, ಎಷ್ಟು ಪರದೆಯಲ್ಲಿ ನೋಡುತ್ತಿದ್ದಾರೆ ಎಂದು ಕಂಪನಿಗೆ ಆ ಕ್ಷಣವೇ ಕಾಣುತ್ತದೆ. ಹಾಗಾಗಿ ಅಲ್ಲಿ ಸಾಧನ ಎಷ್ಟಿವೆ ಎನ್ನುವುದಕ್ಕಿಂತ ಒಟ್ಟಿಗೆ ಎಷ್ಟು ಕಡೆ ಓಡುತ್ತಿದೆ ಎಂದು ನೋಡುತ್ತಾರೆ. ಹಾಗೆಂದು ಮನೆಯ ಪ್ರಶ್ನೆ ಅಲ್ಲಿಯೂ ತಪ್ಪಿಲ್ಲ. 2023ರಲ್ಲಿ ನೆಟ್‌ಫ್ಲಿಕ್ಸ್ ಒಂದೇ ಖಾತೆಯನ್ನು ಬೇರೆ ಮನೆಯವರ ಜೊತೆ ಹಂಚಿಕೊಳ್ಳುವುದನ್ನು ಹಲವು ದೇಶಗಳಲ್ಲಿ ತಡೆಯಲು ಶುರು ಮಾಡಿತು.

ನಮ್ಮದು ನಿಜವಾಗಿಯೂ ದೊಡ್ಡ ಮನೆ. ಮಿತಿಗಿಂತ ಹೆಚ್ಚು ಬಾಕ್ಸ್ ಕೇಳುವುದು ಹೇಗೆ?

ಮೊದಲು ಖಾತೆಯಲ್ಲಿರುವ ಬಾಕ್ಸ್‌ಗಳ ಪಟ್ಟಿ ತರಿಸಿಕೊಂಡು ಸತ್ತಿರುವುದನ್ನು ತೆಗೆಸಿ. ಆಮೇಲೆ ಇರುವ ಬಾಕ್ಸ್‌ಗಳನ್ನೆಲ್ಲ ಮನೆಯ ಇಂಟರ್ನೆಟ್‌ಗೆ ಜೋಡಿಸಿ. ನೀವು ಒಂದೇ ಮನೆಯವರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಕೇಳುವಾಗ ‘ಇನ್ನೊಂದು ಬಾಕ್ಸ್ ಕೊಡಿ’ ಎಂದು ನಿಲ್ಲಿಸಬೇಡಿ. ಎಲ್ಲ ಬಾಕ್ಸ್ ಒಂದೇ ವಿಳಾಸದಲ್ಲಿವೆ, ಬೇಕಾದರೆ ಪರಿಶೀಲಿಸಿ, ಮಿತಿಗೆ ವಿನಾಯಿತಿ ಕೊಡಿ ಎಂದು ಕೇಳಿ. ಮೊದಲು ಫೋನ್ ಎತ್ತಿದವರಿಗೆ ಆ ಅಧಿಕಾರ ಇರುವುದಿಲ್ಲ, ಅವರ ಮೇಲೆ ರೇಗಿ ಫಲವಿಲ್ಲ. ಮೇಲಿನವರಿಗೆ ದಾಟಿಸಲು ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಟೆಕ್ನಿಷಿಯನ್ ಮನೆಗೆ ಬಂದು ನೋಡಲಿ ಎಂದು ನೀವೇ ಕರೆಯಬಹುದು.

ಅದಕ್ಕೂ ಒಪ್ಪದಿದ್ದರೆ ಎರಡು ದಾರಿ ಉಳಿಯುತ್ತದೆ. ಮುಖ್ಯ ಬಾಕ್ಸ್, ಚಿಕ್ಕ ಬಾಕ್ಸ್ ಪದ್ಧತಿಗೆ ಬದಲಾಯಿಸಿದರೆ ಅದೇ ಕಂಪನಿಯಲ್ಲೇ ಹೆಚ್ಚು ಕೋಣೆಗೆ ಅವಕಾಶ ಸಿಗಬಹುದು. ಅದೂ ಆಗದಿದ್ದರೆ ಅದೇ ವಿಳಾಸದಲ್ಲಿ ಮನೆಯ ಇನ್ನೊಬ್ಬರ ಹೆಸರಿಗೆ ಎರಡನೇ ಖಾತೆ ತೆರೆಯಿರಿ. ಪೂರ್ತಿ ಚಂದಾ ಇನ್ನೊಮ್ಮೆ ಬೀಳುತ್ತದೆ. ಹಾಗಾಗಿ ಆ ಖಾತೆಗೆ ಚಿಕ್ಕ ಪ್ಯಾಕ್ ಆರಿಸಿಕೊಂಡು, ದುಬಾರಿ ಚಾನೆಲ್‌ಗಳನ್ನು ಮೊದಲನೆಯದರಲ್ಲೇ ಇಟ್ಟುಕೊಳ್ಳಿ. ಡಿಶ್ ಒಂದೇ ಸಾಕು. ಎಲ್‌ಎನ್‌ಬಿಯಲ್ಲಿ ಬಾಯಿ ಖಾಲಿ ಇದೆಯಾ ಎಂದು ಮಾತ್ರ ಮೊದಲೇ ನೋಡಿಸಿ.